ಪದವಿ ಹೋದ ದಳಪತಿ ಮತ್ತು ಗಣೇಶನ ಹಬ್ಬದ ಹುಳಿ

ಬದನೆಕಾಯಿ ಕೊಳ್ಳುವಾಗ ಮಾರುವವನ ಮುಖ ನೋಡಬಾರದು, ತೊಟ್ಟು ನೋಡಬೇಕು. ತೊಟ್ಟು ಹಸಿರಾಗಿದ್ದರೆ ಬೆಲೆ ಕೇಳಿ, ಒಣಗಿದ್ದರೆ ಮುಂದೆ ಹೋಗಿ. ಸ್ಯಾನ್ ಹೋಸೆಯ ಭಾನುವಾರದ ಸಂತೆಯಲ್ಲಿ ಇದನ್ನು ನಾನು ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ. ಹೇಳಿಕೊಟ್ಟರೂ ಕಲಿಯದವರು ಒಬ್ಬರೇ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯಲ್ಲಿದ್ದ ಸಾಹೇಬರು. ವಿಜಾಪುರದವರು, ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರು. ಕೇಳಿದ ಬೆಲೆ ಕೊಟ್ಟು, ಮೇಲೆ ಮಾರುವವನಿಗೇ ಥ್ಯಾಂಕ್ಸ್ ಹೇಳಿ ಬರುವ ಮನುಷ್ಯ. ಚೌಕಾಸಿಯಿಂದಲೇ ಜೀವನ ಕಟ್ಟಿಕೊಂಡ ನನ್ನಂಥವನಿಗೆ ಅದನ್ನು ನೋಡಿ ಸುಮ್ಮನಿರುವುದು ಕಷ್ಟ.

ನಾನು ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದವನು. ಇಲ್ಲಿಗೆ ಬಂದು ಮೊದಲು ಗೋದಾಮಿನಲ್ಲಿ ಮೂಟೆ ಇಳಿಸಿದೆ. ಎಂಬತ್ತರ ದಶಕದ ಆರಂಭದಲ್ಲಿ ಸಾಂಟಾ ಕ್ಲಾರಾದ ಎಲ್ ಕಮೀನೊ ರಸ್ತೆಯಲ್ಲಿ ಸ್ವಂತ ಗ್ರೋಸರಿ ಅಂಗಡಿ ತೆರೆದೆ. ಅಂಗಡಿಗೆ ತರಕಾರಿ ತರಲು ಭಾನುವಾರ ಬೆಳಿಗ್ಗೆ ಹಳೆಯ ಸ್ಟೇಷನ್ ವ್ಯಾಗನ್ನಿನಲ್ಲಿ ಸಂತೆಗೆ ಹೋಗುವಾಗ ಸಾಹೇಬರೂ ಮೆಂತ್ಯದ ಸೊಪ್ಪಿನ ಆಸೆಗೆ ಜೊತೆಗೆ ಬರುತ್ತಿದ್ದರು. ಅವರಿಗೆ ಇತಿಹಾಸದ ಹುಚ್ಚು. ಫ್ರೀವೇ ಹತ್ತಿದ ಮೇಲೆ ನಾನು ವ್ಯಾಪಾರದ ಮಾತು ತೆಗೆದರೆ ಅವರು ಹಳೆಯ ಕಾಲದ ಮಾತು ತೆಗೆಯುವರು. ಇಬ್ಬರಿಗೂ ಅರ್ಧ ಅರ್ಧ ರಸ್ತೆ.

ಒಂದು ಭಾನುವಾರ ನಾನು ಎದುರು ಸಾಲಿನ ಅಂಗಡಿಯವನನ್ನು ಹೇಗೆ ಬಗ್ಗಿಸಿದೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಆತ ಎಲ್ಲ ಗಮನವನ್ನೂ ಅಕ್ಕಿಯ ಮೇಲಿಟ್ಟಿದ್ದ, ನಾನು ಅವನು ನೋಡದ ಕಡೆಯಿಂದ ಬೇಳೆ ಹಿಡಿದು, ಅದರ ಬೆಲೆ ಇಳಿಸಿ ಹೊಡೆದೆ.

"ಸಾವಕಾರ್ರ, ಇದನ್ನ ಒಬ್ರು ನಿಮಗಿಂತ ಮೊದಲ ಮಾಡ್ಯಾರ," ಅಂದರು ಸಾಹೇಬರು. "ಬ್ಯಾಳಿ ಅಲ್ಲ, ಕುದರಿ ಹಿಡಕೊಂಡು."

ಹಾಗೆ ಆ ದಳಪತಿ ನಮ್ಮ ವ್ಯಾಗನ್ನು ಹತ್ತಿದ್ದು. ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆಯುತ್ತಿಲ್ಲ, ಆತನದ್ದೂ ಬರೆಯುವುದಿಲ್ಲ. ಬಲ್ಲವರು ಬಲ್ಲರು. ಮೆಕ್ಕಾದ ದೊಡ್ಡ ಮನೆತನದ ಮಗ. ಊರಿನ ಕುದುರೆ ದಂಡು ಅವರ ವಂಶದ ಕೈಯಲ್ಲಿ. ಪ್ರವಾದಿಯವರು ಮೆಕ್ಕಾ ಬಿಟ್ಟು ಮದೀನಾ ಸೇರಿದ ಮೇಲೆ ಎರಡು ಊರುಗಳ ನಡುವೆ ಯುದ್ಧ ನಡೆಯಿತು. ಆಗ ಈತ ಪ್ರವಾದಿಯ ವಿರುದ್ಧ ನಿಂತವನು. ಒಂದು ಬೆಟ್ಟದ ಬುಡದಲ್ಲಿ ಕಾಳಗ. ಮದೀನಾದವರು ಗೆಲ್ಲುತ್ತಿದ್ದರು. ಗುಡ್ಡದ ಮೇಲೆ ಕಾವಲಿಗಿದ್ದ ಬಿಲ್ಲುಗಾರರು ಗೆದ್ದೆವೆಂದುಕೊಂಡು ಲೂಟಿಯ ಸಾಮಾನಿನ ಆಸೆಗೆ ಜಾಗ ಬಿಟ್ಟು ಇಳಿದರು. ಎಲ್ಲರೂ ಓಡುತ್ತಿರುವಾಗ ಈತನೊಬ್ಬ ಕುದುರೆ ನಿಲ್ಲಿಸಿ ಆ ಖಾಲಿ ಜಾಗ ನೋಡಿದ. ಸುತ್ತಿ ಬಂದು ಹಿಂದಿನಿಂದ ಹೊಡೆದ. ಗೆದ್ದ ಯುದ್ಧ ತಿರುಗಿಬಿತ್ತು.

"ಸೋಲೋ ಹೊತ್ತಿನ್ಯಾಗ ಕಣ್ಣು ತೆರದಿಟ್ಟಿದ್ದ ನೋಡ್ರಿ," ಅಂದೆ. ನನಗೆ ಆ ಮನುಷ್ಯ ಅಲ್ಲಿಯೇ ಹಿಡಿಸಿಬಿಟ್ಟ. ಸಾಹೇಬರು ನಕ್ಕರು. "ನಮ್ಮ ಮಂದಿ ಸೋತದ್ದು ಹೇಳಾಕತ್ತೀನಿ, ನೀವು ಚಪ್ಪಾಳಿ ಹೊಡೀತೀರಿ!"

ಮುಂದಿನ ಭಾನುವಾರ ಮತಾಂತರದ ಕತೆ. ನಾನು ಕೇಳಿದ ಚೌಕಾಸಿಗಳಲ್ಲೆಲ್ಲ ವಿಚಿತ್ರವಾದದ್ದು ಅದು. ಎರಡೂ ಊರುಗಳ ನಡುವೆ ಒಪ್ಪಂದವಾಗಿ, ಮಾರನೆಯ ವರ್ಷ ಪ್ರವಾದಿಯವರು ತಮ್ಮ ಜನರೊಂದಿಗೆ ಯಾತ್ರೆಗೆಂದು ಮೆಕ್ಕಾಕ್ಕೆ ಬಂದರು. ಅದನ್ನು ಕಣ್ಣಿಂದ ನೋಡಲಾರದೆ ಈತ ಊರು ಬಿಟ್ಟು ಹೋದ. ಈತನ ತಮ್ಮನೊಬ್ಬ ಮೊದಲೇ ಆ ಕಡೆ ಸೇರಿದ್ದ. ಅವನು ಅಣ್ಣನನ್ನು ಹುಡುಕಿ, ಸಿಗದೆ, ಹೇಳಿಕಳಿಸಿದ: ಪ್ರವಾದಿಯವರು ನಿನ್ನನ್ನು ಕೇಳಿದರು, ಅಂಥ ಬುದ್ಧಿವಂತನಿಗೆ ಇದು ಹೇಗೆ ತಿಳಿಯದೆ ಉಳಿಯಿತು ಎಂದು ಆಶ್ಚರ್ಯಪಟ್ಟರು ಎಂದು.

ನಿಮ್ಮನ್ನು ಸೋಲಿಸಿದ ಎದುರಾಳಿಗೆ ಬೈಗುಳವಲ್ಲ, ಹೀಗೊಂದು ಮಾತು ಕಳಿಸಿ ನೋಡಿ. ನಾನು ಆಮೇಲೆ ಎದುರು ಸಾಲಿನವನ ಮೇಲೆ ಇದನ್ನು ಪ್ರಯೋಗಿಸಿ ಫಲ ಕಂಡಿದ್ದೇನೆ. ಅದಿರಲಿ.

ದಳಪತಿ ಮದೀನಾಕ್ಕೆ ಹೊರಟ. ಜೊತೆಗೆ ಬರುತ್ತೀಯಾ ಎಂದು ಕೇಳಿದ ಗೆಳೆಯನೊಬ್ಬ ಮುಖ ತಿರುವಿದ. ಇನ್ನೊಬ್ಬ ಒಪ್ಪಿದ. ದಾರಿಯಲ್ಲಿ ಅದೇ ಉದ್ದೇಶಕ್ಕೆ ಹೊರಟಿದ್ದ ಮೆಕ್ಕಾದ ಮತ್ತೊಬ್ಬ ಗಟ್ಟಿಗ ಸಿಕ್ಕ. ಮದೀನಾದಲ್ಲಿ ಪ್ರವಾದಿಯವರು ದೂರದಿಂದಲೇ ಈತನನ್ನು ಕಂಡು ನಗುಮುಖದಲ್ಲಿ ಬರಮಾಡಿಕೊಂಡರು. ಈತ ಶರಣಾಗಿ ಒಂದೇ ಕೇಳಿಕೆ ಇಟ್ಟ: ನಿಮ್ಮ ವಿರುದ್ಧ ನಾನು ಮಾಡಿದ್ದಕ್ಕೆಲ್ಲ ಕ್ಷಮೆಯಾಗುವಂತೆ ಪ್ರಾರ್ಥಿಸಿ. ಈ ಕಡೆ ಬಂದ ಮೇಲೆ ಹಿಂದಿನದೆಲ್ಲ ಅಳಿಸಿಹೋಯಿತು ಎಂದರು ಅವರು. ಆದರೂ ಪ್ರಾರ್ಥಿಸಿ ಎಂದ ಈತ. ಅವರು ಪ್ರಾರ್ಥಿಸಿದರು.

"ಹುದ್ದೆ ಕೇಳಲಿಲ್ಲೇನ್ರಿ?" ಅಂದೆ.

"ಇಲ್ಲ."

"ಅಷ್ಟು ದೊಡ್ಡ ದಳಪತಿ! ಕುದರಿ ದಂಡಾದ್ರೂ?"

"ಇಲ್ರಿ ಸಾವಕಾರ್ರ."

"ಮತ್ತ ಬಂದದ್ದರ ಯಾಕ?"

"ಖರೇ ಅನಸ್ತು, ಅದಕ್ಕ ಬಂದ್ರು."

ಕೈ ಸೋತ ಮೇಲೆ ಬಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಕೈಯಲ್ಲಿ ಬಲವಿದ್ದಾಗಲೇ, ಅದಕ್ಕೆ ಬೆಲೆ ಕಟ್ಟದೆ, ಸ್ವಂತ ಕಾಲಿನ ಮೇಲೆ ನಡೆದು ಬಂದ. ಪ್ರವಾದಿಯವರ ಪರವಾಗಿ ಮೊದಲ ಯುದ್ಧಕ್ಕೆ ಹೋದದ್ದು ಸಾಲಿನಲ್ಲೊಬ್ಬ ಸಿಪಾಯಿಯಾಗಿ. ಅಲ್ಲಿ ಒಬ್ಬರ ಹಿಂದೊಬ್ಬರು ಮೂವರು ನಾಯಕರೂ ಬಿದ್ದರು. ಜನ ಬಾವುಟವನ್ನು ಈತನ ಕೈಗಿತ್ತರು. ಎದುರಿಗೆ ಭಾರೀ ಸೈನ್ಯ. ಈತ ಬಲಗಡೆಯವರನ್ನು ಎಡಕ್ಕೆ, ಹಿಂದಿನವರನ್ನು ಮುಂದಕ್ಕೆ ಮಾಡಿದ. ಹೊಸ ಮುಖಗಳನ್ನು ಕಂಡ ಶತ್ರುಗಳು ಹೊಸ ದಂಡು ಬಂತೆಂದು ತಡೆದು ನಿಂತರು. ಆ ಬಿಡುವಿನಲ್ಲಿ ತನ್ನವರನ್ನು ಜೀವಂತ ವಾಪಸು ಕರೆತಂದ. ಲಾಭ ಮಾಡುವವರನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಕೇಳಿದರೆ, ಮಾರಾಟವಾಗದ ಮಾಲನ್ನು ಒಡೆಯದೆ ಮನೆಗೆ ತರುವವನೇ ವ್ಯಾಪಾರಿ. ಆಮೇಲೆ ಆತನಿಗೆ ದೇವರ ಖಡ್ಗ ಎಂಬ ಬಿರುದು ಬಂತು. ಗೆದ್ದ ನಾಡುಗಳ ಹೆಸರು ಹೇಳುತ್ತ ಸಾಹೇಬರು ನನಗೆ ಫ್ರೀವೇಯ ಎಕ್ಸಿಟ್ಟು ತಪ್ಪಿಸಿದ ದಿನವೂ ಇದೆ.

ಸಾಹೇಬರು ಮುಚ್ಚಿಡುವ ಜನವಲ್ಲ. ಆತನಿಗೆ ಸಿಟ್ಟು ಜಾಸ್ತಿ, ಒಂದೆರಡು ಕಡೆ ಮಿತಿ ಮೀರಿ ನಡೆದುಕೊಂಡ, ಅದಕ್ಕೆ ಪ್ರವಾದಿಯವರೇ ನೊಂದುಕೊಂಡರು ಎಂಬುದನ್ನೂ ಹೇಳಿದರು. ಕತೆ ಅಲ್ಲಿಗೆ ನಿಂತಿತು. ಅಷ್ಟರಲ್ಲಿ ನಮ್ಮ ಮನೆಯಲ್ಲೇ ಒಂದು ಗದ್ದಲ ಎದ್ದಿತು.

ನನ್ನ ಹೆಂಡತಿಯ ವಿಷಯ ಹೇಳಬೇಕು. ನಮ್ಮ ಕನ್ನಡ ಸಂಘದ ಗಣೇಶನ ಹಬ್ಬದ ಊಟ ಎಂದರೆ ಆಕೆಯ ಅಡಿಗೆ. ಶಾಲೆಯೊಂದರ ಕೆಫೆಟೀರಿಯಾ ಬಾಡಿಗೆಗೆ ಹಿಡಿದು, ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು, ದೂರದ ಬರ್ಕ್ಲಿಯಿಂದ ಹಿಡಿದು ಎಲ್ಲೆಲ್ಲಿಂದಲೋ ಬಂದವರಿಗೆಲ್ಲ ಪಂಕ್ತಿ ಮೇಲೆ ಪಂಕ್ತಿ ಬಡಿಸುವಷ್ಟು ಮಾಡುತ್ತಿದ್ದಳು. ಅದರಲ್ಲೂ ಉಪ್ಪು. ನೈವೇದ್ಯವಾಗುವ ಮೊದಲು ನಮ್ಮಲ್ಲಿ ಅಡಿಗೆಯ ರುಚಿ ನೋಡುವಂತಿಲ್ಲ. ದೊಡ್ಡ ಪಾತ್ರೆಯ ಹುಳಿಗೆ ನಾಲಿಗೆಗೆ ತಾಗಿಸದೆ ಉಪ್ಪು ಹಾಕುವುದು ಎಲ್ಲರಿಗೂ ಬರುವ ಕೆಲಸವಲ್ಲ. ಆಕೆ ಕುದಿ ನೋಡುವಳು, ವಾಸನೆ ಹಿಡಿಯುವಳು, ಮುಷ್ಟಿಯಲ್ಲಿ ತೆಗೆದು ಹಾಕುವಳು. ಒಮ್ಮೆಯೂ ತಪ್ಪಿರಲಿಲ್ಲ. "ನಿಮ್ಮ ಮನೆಯವರು ಇಲ್ದಿದ್ರೆ ಹಬ್ಬಾನೇ ಇಲ್ಲ ಬಿಡಿ," ಎಂದು ಜನ ಅಂಗಡಿಗೆ ಬಂದು ಹೇಳುತ್ತಿದ್ದರು.

ಆ ಮಾತೇ ಮುಳುವಾಯಿತು. ಹಬ್ಬಕ್ಕೆ ಕೆಲವೇ ದಿನ ಇರುವಾಗ ಅಂಗಡಿಯ ಆನ್ಸರಿಂಗ್ ಮಷೀನಿನಲ್ಲಿ ಸಂಘದ ಅಧ್ಯಕ್ಷರ ದನಿ. ಬೆಂಗಳೂರಿನವರು, ಮಾತು ಮೃದು. "ನೋಡಿ ಸಾರ್, ಮೇಡಂ ಪರ್ಸನಲ್ ಆಗಿ ತಗೋಬಾರ್ದು. ಅಡುಗೇಲಿ ಏನೂ ಕಂಪ್ಲೇಂಟಿಲ್ಲ. ಆದ್ರೆ ಅವ್ರಿಲ್ದೆ ಹಬ್ಬ ಆಗಲ್ಲ ಅಂತ ಜನ ಮಾತಾಡ್ತಿದ್ದಾರೆ. ಸಂಘ ಅಂದ್ಮೇಲೆ ಒಬ್ಬರ ಮೇಲೆ ನಿಲ್ಲಬಾರ್ದಲ್ವಾ? ಈ ಸಲ ಕಿಚನ್ನು ಡಾಕ್ಟರ್ ಮೇಡಂ ನೋಡ್ಕೋತಾರೆ. ಮೇಡಂ ಬಂದು ಹೆಲ್ಪ್ ಮಾಡ್ಲಿ."

ಡಾಕ್ಟರು ಮೈಸೂರಿನ ಹೆಂಗಸು, ಆಸ್ಪತ್ರೆಯಲ್ಲಿ ಕೆಲಸ, ಸಂಘಕ್ಕೆ ಹೊಸಬರು. ನಾನು ಮಷೀನನ್ನೇ ಮನೆಗೆ ತಂದು ಹೆಂಡತಿಗೆ ಕೇಳಿಸಿದೆ. ಆಕೆ ಎರಡು ಸಲ ಹಾಕಿಸಿ ಕೇಳಿದಳು.

"ಹೆಲ್ಪ್ ಮಾಡ್ಲಿ ಅಂದ್ನೇನ್ರಿ?" ಅಂದಳು. ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ನೋಡುತ್ತ ನಿಂತಿದ್ದಳು.

ರಾತ್ರಿಯೊಳಗೆ ಆಕೆಯ ಜೊತೆಗಾತಿಯರ ಫೋನುಗಳು ಶುರುವಾದವು. ಎಲ್ಲರದೂ ಒಂದೇ ಮಾತು: ನೀವು ಹೋಗದಿದ್ದರೆ ನಾವೂ ಹೋಗುವುದಿಲ್ಲ. ಅಂದರೆ ಹಬ್ಬದ ಊಟ ಆಗುವುದೋ ಬಿಡುವುದೋ ಈಗ ಆಕೆಯ ಕೈಯಲ್ಲಿತ್ತು. ಆಕೆಯ ಮರ್ಯಾದೆಯೂ ಅದರ ಜೊತೆಗೇ ಇತ್ತು.

ನಾನು ಸಲಹೆ ಕೊಟ್ಟೆ. "ಕೇಳಿಲ್ಲಿ. ಹೋಗಬ್ಯಾಡ. ಯಾರನ್ನೂ ಕಳಸಬ್ಯಾಡ. ಹಬ್ಬದ ದಿನ ಮಧ್ಯಾಹ್ನ ಆಗೋದ್ರಾಗ ಆ ಅಧ್ಯಕ್ಷ ತಾನ ಓಡಿ ಬರ್ತಾನ. ಆಗ ನಿನ್ನ ಷರತ್ತು ನೀ ಹೇಳು." ಅಂಗಡಿಯ ಮಾತಾದರೆ ಇವತ್ತಿಗೂ ನಾನು ಇದನ್ನೇ ಹೇಳುತ್ತೇನೆ. ನಿಮ್ಮ ಮಾಲು ಬೇರೆಲ್ಲೂ ಸಿಗದು ಎಂದಾದರೆ ಬಾಗಿಲು ಹಾಕಿ ಕೂತುಕೊಳ್ಳಿ, ಬೆಲೆ ತಾನಾಗಿ ಏರುತ್ತದೆ.

ಮರುದಿನ ಸಂಜೆ ಸಾಹೇಬರು ಚಹಾಕ್ಕೆ ಬಂದಾಗ ನನ್ನ ಪಕ್ಷಕ್ಕೆ ಒಬ್ಬರು ಸಿಕ್ಕರು ಎಂದುಕೊಂಡು ಎಲ್ಲ ಹೇಳಿ, "ನಿಮ್ಮ ದಳಪತಿ ಆಗಿದ್ರ ಏನ್ ಮಾಡ್ತಿದ್ದ, ನೀವ ಹೇಳ್ರಿ ಸಾಹೇಬ್ರ," ಅಂದೆ.

ಅವರು ಕಪ್ಪು ಕೆಳಗಿಟ್ಟರು. "ಅವರಿಗೂ ಇದ ಆತ್ರಿ," ಅಂದರು.

ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

ಪ್ರವಾದಿಯವರು ತೀರಿಹೋದ ಮೇಲಿನ ಮಾತು. ದಳಪತಿ ಸಿರಿಯಾದ ಕಡೆ ಗೆಲ್ಲುತ್ತ ಹೋಗಿದ್ದ. ಮದೀನಾದಲ್ಲಿ ಹೊಸ ಖಲೀಫರು ಅಧಿಕಾರಕ್ಕೆ ಬಂದು, ಈತನನ್ನು ಇಳಿಸಿ ಇನ್ನೊಬ್ಬ ಹಿರಿಯರನ್ನು ನೇಮಿಸಿದರು. ಸೋತದ್ದಕ್ಕಲ್ಲ. ಗೆಲ್ಲಿಸುವವನು ದೇವರಲ್ಲ, ಈ ದಳಪತಿಯೇ ಎಂದು ಜನ ನಂಬತೊಡಗಿದ್ದರು. ಅದು ಖಲೀಫರಿಗೆ ಸರಿಕಾಣಲಿಲ್ಲ ಎಂದು ಹೇಳುವವರಿದ್ದಾರೆ. ಇತರ ಕಾರಣಗಳನ್ನು ಹೇಳುವವರೂ ಇದ್ದಾರೆ. ಸುದ್ದಿ ಬಂದಾಗ ಯುದ್ಧ ನಡೆಯುತ್ತಿತ್ತಂತೆ. ಹೊಸ ನಾಯಕರು ಎಷ್ಟು ಸಂಕೋಚದವರೆಂದರೆ, ಯುದ್ಧ ಮುಗಿಯುವವರೆಗೂ ತಮ್ಮ ನೇಮಕದ ಸುದ್ದಿಯನ್ನು ತಾವೇ ಹೊರಹಾಕಲಿಲ್ಲ. ಗೊತ್ತಾದ ಮೇಲೆ ದಳಪತಿ ಬಾವುಟ ಒಪ್ಪಿಸಿ ಅವರ ಕೈಕೆಳಗೆ ನಿಂತ. ಸೈನ್ಯ ಆತನ ಹಿಂದಿತ್ತು. ಒಂದು ಮಾತು ಆಡಿದ್ದರೆ ಎರಡು ಹೋಳಾಗುತ್ತಿತ್ತು. ಆಡಲಿಲ್ಲ.

"ಸಿಟ್ಟು ಬರಲಿಲ್ಲೇನ್ರಿ ಅವರಿಗೆ?" ಹೆಂಡತಿ ಬಾಗಿಲಿಂದಲೇ ಕೇಳಿದಳು.

"ಬಂದಿರಬೇಕು ವೈನಿ. ಅವರೂ ಮನಷ್ಯಾರ."

"ಆ ಹೊಸಾವ್ರಿಗೆ ಯುದ್ಧ ಬರತಿತ್ತೇನು?"

"ಇವರಷ್ಟು ಬರತಿದ್ದಿಲ್ಲ. ಅದಕ್ಕ ಅವರು ಇವರನ್ನ ಕೇಳತಿದ್ರು."

"ಇವರು ಹೇಳತಿದ್ರು?"

"ಕೇಳಿದಾಗ ಹೇಳತಿದ್ರು."

"ಕಡೀಕೆ ಏನಾತು?"

"ಮತ್ತ ಮೇಲಿನ ಪದವಿ ಬರಲಿಲ್ಲ. ಹಾಸಿಗಿ ಮ್ಯಾಲ ತೀರಿಕೊಂಡ್ರು. ಮೈತುಂಬ ಗಾಯದ ಕಲೆ, ಆದ್ರ ರಣದಾಗ ಸಾಯಲಿಲ್ಲಲ್ಲ ಅಂತ ಕೊರಗಿದ್ರಂತ. ಮನ್ಯಾಗ ಕುದರಿ, ಆಯುಧ, ಅಷ್ಟ ಉಳದದ್ದು. ಇಳಿಸಿದ ಖಲೀಫರು ಸೈತ ಅವರ ಸಲುವಾಗಿ ದುಃಖಪಟ್ರು."

ನಾನು ಬಿಡಲಿಲ್ಲ. "ಅದು ಧರ್ಮದ ಮಾತಾತು ಸಾಹೇಬ್ರ. ಇದು ಹುಳಿ ಮಾತು. ಹಕ್ಕು ಬಿಟ್ಟುಕೊಟ್ರ ನಾಳೆ ಈಕೀನ್ನ ಪಾತ್ರಿ ತೊಳಿಯಾಕ ಹಚ್ತಾರ."

"ಹಚ್ಚಲಿ," ಅಂದಳು ಹೆಂಡತಿ. "ಗಣಪತಿ ಊಟ ನನ್ನ ಅಂಗಡಿ ಅಲ್ಲ." ಆ ರಾತ್ರಿಯೇ ಜೊತೆಗಾತಿಯರಿಗೆ ತಾನೇ ಫೋನು ಮಾಡಿ, ಹಬ್ಬದ ಬೆಳಿಗ್ಗೆ ಸರಿಯಾದ ಹೊತ್ತಿಗೆ ಬನ್ನಿ, ಡಾಕ್ಟರು ಹೇಳಿದ ಹಾಗೆ ಮಾಡಿ ಎಂದಳು.

ಹಬ್ಬದ ದಿನ ನಾನು ತರಕಾರಿ ಇಳಿಸಲು ಹೋದವನು ಅಲ್ಲಿಯೇ ಉಳಿದೆ. ಡಾಕ್ಟರು ತಲೆಗೆ ಬಟ್ಟೆ ಕಟ್ಟಿ, ಎಲ್ಲದಕ್ಕೂ ಅಳತೆಯ ಕಪ್ಪು ಹಿಡಿದು ನಿಂತಿದ್ದರು. ಹೆಂಡತಿ ಮೂಲೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದಳು. ಯಾರು ಏನು ಕೇಳಿದರೂ ಒಂದೇ ಉತ್ತರ: "ಡಾಕ್ಟರನ್ನ ಕೇಳ್ರಿ." ಆದರೂ ಹೆಂಗಸರ ಕಣ್ಣು ಆಕೆಯ ಕಡೆಗೇ.

ಹುಳಿ ಕುದಿಯಿತು. ಡಾಕ್ಟರು ಕಪ್ಪಿನಲ್ಲಿ ಅಳೆದು ಉಪ್ಪು ಹಾಕಿ, ಪೂಜೆಯ ಸಿದ್ಧತೆ ನೋಡಲು ಹೊರಗೆ ಹೋದರು. ಧಾರವಾಡದ ಹಿರಿಯ ಹೆಂಗಸೊಬ್ಬರು, ನನ್ನ ಹೆಂಡತಿಯ ಪರಮ ಅಭಿಮಾನಿ, ಪಾತ್ರೆಯೊಳಗೆ ಬಗ್ಗಿ ನೋಡಿದರು. ಆ ಕಪ್ಪು ಇವರ ಕಣ್ಣಿಗೆ ಸಣ್ಣದಾಗಿ ಕಂಡಿರಬೇಕು. ರುಚಿ ನೋಡುವಂತಿಲ್ಲ. ನನ್ನ ಹೆಂಡತಿ ಹಾಕುತ್ತಿದ್ದ ಮುಷ್ಟಿಗಳ ನೆನಪಿನ ಮೇಲೆ ಅವರೂ ತಮ್ಮ ಕೈಯಿಂದ ಹಾಕಿಬಿಟ್ಟರು. ಹಬ್ಬ ಕೆಡಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಮೂಲೆಯಲ್ಲಿ ಬೆನ್ನು ಮಾಡಿ ಕೂತಿದ್ದ ಹೆಂಡತಿಗೆ ಗೊತ್ತಾಗಲಿಲ್ಲ.

ಮಂಗಳಾರತಿ ಆಯಿತು, ನೈವೇದ್ಯ ಆಯಿತು. ಜನ ಉದ್ದ ಮೇಜುಗಳಿಗೆ ಸಾಲಾಗಿ ಕೂತರು. ಡಾಕ್ಟರು ಒಂದು ಚಮಚ ಹುಳಿ ಬಾಯಿಗಿಟ್ಟರು. ಉಪ್ಪೇ ಉಪ್ಪು.

"ನಾನು ಅಳೆದೇ ಹಾಕಿದ್ದೆ ಕಣ್ರೀ," ಅಂದರು. ಕಣ್ಣಲ್ಲಿ ನೀರು. "ಅಳೆದೇ ಹಾಕಿದ್ದೆ."

ಧಾರವಾಡದ ಹೆಂಗಸು ಗೋಡೆಯ ಕಡೆ ತಿರುಗಿದರು. ಅಡಿಗೆಮನೆಯಲ್ಲಿ ಎಲ್ಲರೂ ನನ್ನ ಹೆಂಡತಿಯ ಮುಖ ನೋಡಿದರು. ಬಾಗಿಲಲ್ಲಿ ಅಧ್ಯಕ್ಷರು ಬಂದು ನಿಂತಿದ್ದರು. ಇದಕ್ಕಿಂತ ಒಳ್ಳೆಯ ಗಳಿಗೆ ಯಾವ ವ್ಯಾಪಾರಿಗೂ ಸಿಗದು. ಆಕೆ ಒಂದು ಮಾತಾಡದೆ ಚೂರಿ ಒರೆಸುತ್ತ ಕೂತಿದ್ದರೂ ಸಾಕಿತ್ತು, ಪದವಿ ತಾನಾಗಿ ನಡೆದು ಬರುತ್ತಿತ್ತು. ನಾನು ಕಣ್ಣಲ್ಲೇ ಆಕೆಗೆ ಸನ್ನೆ ಮಾಡಿದೆ. ಆಕೆ ನೋಡಲಿಲ್ಲ.

ಎದ್ದು ಬಂದು ಸೆರಗು ಸಿಕ್ಕಿಸಿ ಡಾಕ್ಟರ ಮುಂದೆ ನಿಂತಳು. "ಡಾಕ್ಟರ, ಎರಡನೇ ಪಂಕ್ತಿಗಂತ ಕುದಿಸಿಟ್ಟ ಬ್ಯಾಳಿ ಅದ. ಅದಕ್ಕ ಉಪ್ಪು ಬಿದ್ದಿಲ್ಲ. ಕೂಡಿಸಿದ್ರ ಸರಿ ಆಗಬಹುದು. ಕೂಡಸಲೇನ್ರಿ?"

"ಅಕ್ಕ, ನೀವೇ ಮಾಡಿಬಿಡಿ, ನನಗೆ ಕೈಕಾಲೇ ಆಡ್ತಿಲ್ಲ."

"ಮಾಡ್ತೀನಿ. ನೀವು ಹೇಳ್ರಿ, ಮಾಡ್ತೀನಿ," ಅಂದಳು. ಹೇಳುವವರೆಗೂ ಅಲ್ಲಾಡಲಿಲ್ಲ.

ಡಾಕ್ಟರು ಅವಳ ಮುಖವನ್ನೇ ನೋಡಿದರು. ಮೂಗು ಒರೆಸಿಕೊಂಡರು. "ಕೂಡಿಸಿ," ಅಂದರು, ಸ್ವಲ್ಪ ಗಟ್ಟಿಯಾಗಿ. "ಎರಡನೇ ಪಂಕ್ತಿಗೆ ಈಗಲೇ ಬೇರೆ ಬೇಳೆ ಇಡಿ. ಅಲ್ಲಿವರೆಗೆ ಕೋಸಂಬರಿ, ಚಿತ್ರಾನ್ನ ಬಡಿಸ್ತಾ ಇರಿ."

ಆ ಮೇಲೆ ಕೈಗಳು ಓಡಿದವು. ಬೇಳೆ ಬಿತ್ತು, ಬಿಸಿನೀರು ಬಿತ್ತು, ಚೂರು ಹುಣಸೆಹಣ್ಣು, ಚೂರು ಬೆಲ್ಲ. ಪ್ರತಿಯೊಂದಕ್ಕೂ ಹೆಂಡತಿ ಕತ್ತೆತ್ತಿ ಡಾಕ್ಟರ ಕಡೆ ನೋಡುವಳು, ಅವರು ಹೂಂ ಅನ್ನುವರು, ಉಳಿದ ಹೆಂಗಸರೂ ನೋಡುನೋಡುತ್ತ ಅದೇ ರೂಢಿ ಮಾಡಿಕೊಂಡರು. ಧಾರವಾಡದವರು ಏನೋ ಹೇಳಲು ಬಾಯಿ ತೆರೆದಾಗ ಹೆಂಡತಿ ಅವರ ಕೈಗೆ ಸೌಟು ಕೊಟ್ಟು, "ತಿರುವ್ರಿ ಅಕ್ಕಾರ, ತಳ ಹಿಡೀತದ," ಅಂದಳು. ಯಾರು ಹಾಕಿದ್ದು ಎಂಬ ಮಾತು ಅಲ್ಲಿಗೆ ಮುಗಿಯಿತು.

ಕೊನೆಗೆ ರುಚಿ. ಈಗ ನೋಡಬಹುದಿತ್ತು. ಎಲ್ಲರೂ ಹೆಂಡತಿಗೆ ಜಾಗ ಬಿಟ್ಟರು. ಆಕೆ ಚಮಚದಲ್ಲಿ ತೆಗೆದು, ಊದಿ, ಡಾಕ್ಟರ ಕಡೆ ಚಾಚಿದಳು. "ಮೊದಲ ನೀವು."

ಡಾಕ್ಟರು ಕುಡಿದರು. ಕಣ್ಣು ಮುಚ್ಚಿ ತೆರೆದರು. "ಬಡಿಸಿ," ಅಂದರು.

ಅಧ್ಯಕ್ಷರು ನನ್ನ ಪಕ್ಕಕ್ಕೆ ಬಂದು, "ಸಾರ್, ಮುಂದಿನ ವರ್ಷ ಮೇಡಂಗೇ—" ಎಂದು ಶುರುಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಮುಂದಿನ ವರ್ಷಾನೂ ಡಾಕ್ಟರ ಇರಲಿ. ನಾ ಇರ್ತೀನಲ್ಲ," ಎಂದು ಹುಳಿಯ ಬಕೆಟ್ಟು ಎತ್ತಿಕೊಂಡು ಹೊರಟೇಬಿಟ್ಟಳು. ಅಷ್ಟು ವರ್ಷಗಳಲ್ಲಿ ಆಕೆ ಪಂಕ್ತಿಗೆ ಬಡಿಸಲು ಹೋದದ್ದು ಅದೇ ಮೊದಲು. ಅಡಿಗೆಯ ಮುಂದಾಳು ಪಾತ್ರೆ ಬಿಟ್ಟು ಹೋಗುವಂತಿರಲಿಲ್ಲವಲ್ಲ.

ಮೊದಲ ಸಾಲಿನಲ್ಲಿ ಸಾಹೇಬರು ಕೂತಿದ್ದರು. ಒಳಗೆ ನಡೆದದ್ದು ಅವರಿಗೇನೂ ಗೊತ್ತಿರಲಿಲ್ಲ. ಆಕೆ ಅನ್ನದ ಮೇಲೆ ಹುಳಿ ಹಾಕಿ ಮುಂದೆ ಹೋಗುವಷ್ಟರಲ್ಲಿ ಕರೆದರು.

"ವೈನಿ, ಭಾಳ ಛಲೋ ಆಗೇತ್ರಿ. ಯಾರ ಅಡಿಗಿ?"

"ಡಾಕ್ಟರದು," ಅಂದಳು ನನ್ನ ಹೆಂಡತಿ, ಇನ್ನೊಂದು ಸೌಟು ಬಡಿಸುತ್ತ.